ಜವಳಿ ಅಂಗಡಿಯ ಕೆಂಪು ಇಳಿಜಾರು

ಎಂಟುನೂರು ರೂಪಾಯಿ ಕೊಟ್ಟೆ. ತೂಕಕ್ಕೆ ಹಾಕಿದರೆ ಐವತ್ತು ರೂಪಾಯಿಯೂ ಬಾಳದ ತಗಡಿನ ಬೋರ್ಡು ಅದು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ಬರೆದದ್ದು, ಒಂದು ಮೂಲೆಯನ್ನು ತುಕ್ಕು ತಿಂದದ್ದು. ಬಾಶೆಟ್ಟಿಹಳ್ಳಿಯ ಗುಜರಿ ಅಂಗಡಿಗೆ ನಾನು ಹೋಗಿದ್ದು ಹಳೆಯ ಕಬ್ಬಿಣದ ರ‍್ಯಾಕುಗಳನ್ನು ನೋಡಲು. ಬೋರ್ಡಿನ ಮೇಲೆ ನನ್ನ ಕಣ್ಣು ನಿಂತದ್ದನ್ನು ಗುಜರಿಯವನು ನೋಡಿಬಿಟ್ಟ. "ಬೆಂಗ್ಳೂರಿನ ಹೋಟ್ಲವ್ರು ಗೋಡೆಗೆ ನೇತಾಕೋಕೆ ಇಂಥವೇ ಹುಡುಕ್ಕೊಂಡು ಬರ್ತಾರಮ್ಮ, ಸಾವಿರಕ್ಕೆ ಕಮ್ಮಿ ಇಲ್ಲ" ಅಂದ. ಬೇರೆ ದಿನವಾಗಿದ್ದರೆ ನಾನು ನಕ್ಕು ಎದ್ದು ಬಾಗಿಲ ಕಡೆ ನಡೆಯುತ್ತಿದ್ದೆ. ವ್ಯಾಪಾರದಲ್ಲಿ ಬೆಲೆ ಇಳಿಯುವುದು ಗಿರಾಕಿಯ ಬೆನ್ನು ಕಂಡಾಗಲೇ. ಅವತ್ತು ಬೆನ್ನು ತಿರುಗಿಸಲು ಮನಸ್ಸು ಬರಲಿಲ್ಲ. ಕೊಳ್ಳಲೇಬೇಕು ಎಂದು ಮುಖದಲ್ಲಿ ಬರೆದುಕೊಂಡು ಕೂತವರ ಹತ್ತಿರ ಇಷ್ಟಾದರೂ ಇಳಿಸಿದನಲ್ಲ, ಪುಣ್ಯಾತ್ಮ.

ಅದು ಅಕ್ಕನ ಬೂತಿನ ಬೋರ್ಡೇ ಎಂದು ನಾನು ಹೇಳಲಾರೆ. ಆಗ ಊರಿಗೆಲ್ಲ ಒಂದೇ ಥರದ ಬೋರ್ಡು. ಆದರೆ ಆ ಹಳದಿ ಬಣ್ಣ ಕಂಡದ್ದೇ ತಡ, ಬೂತಿನ ಗಾಜಿನ ಗೂಡಿನೊಳಗೆ ಕಟ್ಟಿಕೊಂಡಿರುತ್ತಿದ್ದ ಜನರ ಬಿಸಿ ಉಸಿರು, ರಿಸೀವರಿನ ಬಾಯಿಗೆ ಅಂಟಿಸುತ್ತಿದ್ದ ಸೆಂಟಿನ ಪಟ್ಟಿಯ ವಾಸನೆ, ಎಲ್ಲ ಒಟ್ಟಿಗೆ ಮೂಗಿಗೆ ಬಂದುಬಿಟ್ಟವು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಎರಡು ಮಗ್ಗದ ಮನೆ, ಮಗ್ಗ ಎರಡೂ ಬೇರೆಯವರವು. ನಾನು ಸೀರೆ ಗಂಟನ್ನು ಹೆಗಲಿಗೆ ಹಾಕಿಕೊಂಡು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳ ಗೇಟಿನ ಮುಂದೆ ಶಿಫ್ಟು ಬಿಡುವ ಹೊತ್ತಿಗೆ ನಿಲ್ಲುತ್ತಿದ್ದೆ. ಬೆಂಗಳೂರಿನ ವ್ಯಾಪಾರಿಗಳಿಗೆ ಫೋನು ಮಾಡಬೇಕಾದಾಗ ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಬೂತಿಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವಳು ನಮ್ಮ ಬೀದಿಯವಳೇ, ನನಗಿಂತ ಐದಾರು ವರ್ಷ ದೊಡ್ಡವಳು. ಊರಿಗೆಲ್ಲ ಅವಳು ಎಸ್‌ಟಿಡಿ ಅಕ್ಕ. ನನಗೆ ಬರೀ ಅಕ್ಕ.

ಮಗುವಾಗಿದ್ದಾಗ ಬಂದ ಪೋಲಿಯೋ ಅವಳ ಎರಡೂ ಕಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಕೈಯಿಂದ ಪೆಡಲು ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತಿದ್ದಳು. ಅಂಗವಿಕಲರಿಗೆಂದು ಕೊಡುತ್ತಿದ್ದ ಲೈಸೆನ್ಸಿನಲ್ಲಿ ಬೂತು ಸಿಕ್ಕಿತ್ತು. ಬಡಗಿಯ ಹತ್ತಿರ ಟೇಬಲ್ಲಿನ ಕೆಳಗಿನ ಹಲಗೆ ಕೊಯ್ಯಿಸಿ, ಗಾಡಿ ನೇರ ಒಳಕ್ಕೆ ನುಗ್ಗಿ ನಿಲ್ಲುವ ಹಾಗೆ ಮಾಡಿಸಿಕೊಂಡಿದ್ದಳು. ಗಾಡಿಯೇ ಅವಳ ಕುರ್ಚಿ. ಟೇಬಲ್ಲಿನ ಹಿಂದೆ ಕೂತಾಗ ಅವಳು ನಡೆಯಲಾರಳು ಎಂದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಬಾಯಿ ಮಾತ್ರ ಜೋರು. ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮ ಜನ ಫೋನಿನಲ್ಲೂ ಕಿರುಚುವವರೇ. "ಏನಪ್ಪಾ, ಹಂಗೆ ಕಿರುಚಿದ್ರೆ ಫೋನೇ ಬೇಡ, ನಿಮ್ಮತ್ತೆಗೆ ನೆಲಮಂಗಲದಲ್ಲೇ ಕೇಳಿಸ್ತದೆ" ಎಂದು ಗಾಜು ತಟ್ಟುತ್ತಿದ್ದಳು. ಬೈಸಿಕೊಂಡವರು ನಗುತ್ತಲೇ ಹೊರಗೆ ಬರುತ್ತಿದ್ದರು.

ಅಪ್ಪ ಅಮ್ಮ ಇಬ್ಬರೂ ಇಲ್ಲದ ಮನೆ. ಬೂತಿನ ದುಡಿಮೆಯಲ್ಲೇ ತಂಗಿಯನ್ನು ಓದಿಸಿ, ಹೊಸಕೋಟೆ ಕಡೆಯ ಗಂಡು ನೋಡಿ ಮದುವೆ ಗೊತ್ತು ಮಾಡಿದ್ದಳು. ನಮ್ಮ ನೇಕಾರರ ಮನೆಗಳಲ್ಲಿ ಮದುವೆ ಜವಳಿ ತೆಗೆಯುವುದೆಂದರೆ ಅರ್ಧ ಮದುವೆ ಆದ ಹಾಗೆ. ಹೆಂಗಸರೆಲ್ಲ ಅಂಗಡಿಯ ಬಿಳೀ ಹಾಸಿನ ಮೇಲೆ ಕಾಲು ಮಡಚಿ ಕೂರಬೇಕು, ಮುಂದೆ ಸೀರೆಗಳ ರಾಶಿ ಬೀಳಬೇಕು, ಮನೆಗೆ ಹಿರಿಯಳಾದವಳು ಧಾರೆ ಸೀರೆಯನ್ನು ಮೊದಲು ಕೈಯಲ್ಲಿ ಎತ್ತಿ ಹುಡುಗಿಯ ಹೆಗಲಿಗೆ ಹಾಕಿ ನೋಡಬೇಕು. ತಾಯಿ ಇಲ್ಲದ ಆ ಮನೆಯಲ್ಲಿ ಆ ಜಾಗ ಅಕ್ಕನದು. ಆದರೆ ಅವಳು ಅದುವರೆಗೆ ಒಂದೇ ಒಂದು ಜವಳಿ ಅಂಗಡಿಯ ಒಳಗೆ ಹೋದವಳಲ್ಲ. ಊರಿಗೆ ಊರೇ ಸೀರೆ ನೇಯುತ್ತದೆ. ಅಕ್ಕ ಉಟ್ಟ ಸೀರೆಗಳು ಮಾತ್ರ ಅಂಗಡಿಯಿಂದ ಬೀದಿಗೆ ಬಂದು, ಲಾರಿ ಧೂಳಿನಲ್ಲಿ, ಅವಳ ತೊಡೆಯ ಮೇಲೆ ಬಿಚ್ಚಿಕೊಂಡವು.

"ನನ್ ಸೀರೆ ಹೆಂಗೋ ಆಯ್ತು ಕಣೆ. ಧಾರೆ ಸೀರೆ ಮಾತ್ರ ನಾನು ಒಳಗೆ ಹೋಗಿ, ಕೂತ್ಕೊಂಡು ಆರಿಸ್ಬೇಕು. ಅದೊಂದು ಬೀದೀಲಿ ಆಗ್ಬಾರ್ದು" ಅಂದಳು ನನ್ನ ಹತ್ತಿರ.

ಅಂಗಡಿಗಳನ್ನು ನೋಡಿ ಬರುವ ಯೋಚನೆ ಹುಟ್ಟಿದ್ದು ಅಲ್ಲಿಂದ. ಅಕ್ಕ ಬೆಂಗಳೂರಿನಲ್ಲಿ ಅಂಗವಿಕಲರ ಒಂದು ಸಭೆಗೆ ಹೋಗಿ ಬಂದಿದ್ದಳು. ಅಂಗಡಿ, ಹೋಟೆಲು, ಬ್ಯಾಂಕುಗಳಿಗೆ ನಮ್ಮಂಥವರಿಗೆ ಹೋಗಲಾಗುತ್ತದೆಯೇ ಎಂದು ಆಯಾ ಊರಿನವರೇ ಗುಂಪಾಗಿ ಹೋಗಿ ನೋಡಬೇಕು, ಕಂಡದ್ದನ್ನು ಅಂಗಡಿಯವರ ಎದುರಿಗೇ ಹೇಳಬೇಕು ಎಂದು ಅಲ್ಲಿ ಯಾರೋ ಹೇಳಿದ್ದರಂತೆ. "ಒಂದು ಅಂಗಡಿ ಹುಡುಕೋ ಬದ್ಲು ಇಡೀ ಬೀದೀನೇ ನೋಡ್ಬಿಡೋಣ. ನಾನೊಬ್ಳೇನಾ ಊರಲ್ಲಿ ಗಾಡೀಲಿ ಓಡಾಡೋಳು?" ಅಂದಳು.

ಕರೆಂಟು ಹೋದರೆ ನಮ್ಮೂರಿಗೆ ಬಿಡುವು. ಮಗ್ಗಗಳ ಸದ್ದು ಒಮ್ಮೆಲೇ ನಿಂತು, ಜನ ಬನಿಯನ್ನಿನಲ್ಲಿ ಬೀದಿಗೆ ಬಂದು ನಿಲ್ಲುತ್ತಾರೆ. ಅಂಥ ಹೊತ್ತಿನಲ್ಲಿ ಬೂತಿನ ಮುಂದೆ ನಮ್ಮ ಸಭೆ. ನಾನು, ಅಕ್ಕ, ಜೊತೆಗೆ ಬಸ್ ಸ್ಟ್ಯಾಂಡಿನಲ್ಲಿ ಊದುಬತ್ತಿ ಮಾರುತ್ತಿದ್ದ ಕಣ್ಣು ಕಾಣದ ಒಬ್ಬರು. ಅವರನ್ನು ಎಲ್ಲರೂ ಮಾವ ಅನ್ನುತ್ತಿದ್ದರು. ಯಾರ ಮಾವ ಎಂದು ಯಾರಿಗೂ ಗೊತ್ತಿರಲಿಲ್ಲ.

ಮಾವನಿಗೆ ಅರ್ಜಿ ಬರೆಸಿ ಪುರಸಭೆಗೆ ಕೊಡೋಣ ಎಂದಿತ್ತು. ನಾನು ಬೇಡ ಅಂದೆ. ದೂರು ಹೇಳಲು ಹೋದವರಿಗೆ ಅಂಗಡಿಯವನು ಟೀ ಕೊಟ್ಟು ಕಳಿಸುತ್ತಾನೆ, ಕೊಳ್ಳಲು ಹೋದವರ ಮಾತಿಗೆ ಕಿವಿ ಕೊಡುತ್ತಾನೆ. ಆದ್ದರಿಂದ ಪ್ರತಿ ಅಂಗಡಿಯಲ್ಲೂ ಏನಾದರೊಂದು ಕೊಳ್ಳುವವರಾಗಿಯೇ ಹೋಗೋಣ ಎಂದು ಹೇಳಿದೆ. ಒಂದು ಸೋಪು, ಒಂದು ಗುಂಡಿ, ಅರ್ಧ ಮೀಟರು ಲೈನಿಂಗು, ಏನಾದರೂ ಸರಿ.

"ಈಯಮ್ಮ ಚರಂಡಿ ಚಪ್ಪಡಿ ಹತ್ರಾನೂ ಚೌಕಾಸಿ ಮಾಡ್ತಾಳೆ ಬಿಡು" ಎಂದು ಮಾವ ನಕ್ಕರು.

"ಮಾಡ್ಲಿ ಬಿಡಿ ಮಾವ, ಚಪ್ಪಡಿನಾದ್ರೂ ಸ್ವಲ್ಪ ತಗ್ಗಲಿ" ಅಂದಳು ಅಕ್ಕ. ಆಮೇಲೆ ನಗು ನಿಲ್ಲಿಸಿ ಒಂದು ಕಟ್ಟಳೆ ಹಾಕಿದಳು. "ಒಂದು ಮಾತು. ಎತ್ಕೊಂಡು ಹೋಗಿದ್ದು ಲೆಕ್ಕಕ್ಕಿಲ್ಲ. ನಾನೇನು ಮಗೂನಾ? ಬಸ್ಸಿಗೆ ಹತ್ತಿಸ್ತೀವಿ ಅಂತ ಯಾರ್ ಯಾರೋ ಬಂದು ಕಂಕುಳಿಗೆ ಕೈ ಹಾಕ್ತಾರೆ. ಅವರು ಒಳ್ಳೇದಕ್ಕೇ ಹಾಕಿರ್ತಾರೆ, ಆದ್ರೆ ಮೈ ನಂದಲ್ವಾ? ನಾನು ನನ್ನ ಗಾಡೀಲಿ ಒಳಗೆ ಹೋಗ್ಬೇಕು, ಮಾವ ಅವ್ರ ಕೋಲು ಹಿಡ್ಕೊಂಡು ಒಳಗೆ ಹೋಗ್ಬೇಕು. ಅದಾದ್ರೆ ಮಾತ್ರ ಹೋದಂಗೆ."

ಮೊದಲ ದಿನ ಬೀದಿ ತಿರುಗಿದಾಗ ನನಗೆ ಬಹಳ ಖುಷಿಯಾಯಿತು. ಕಿರಾಣಿ ಅಂಗಡಿಯವನು ನಮ್ಮನ್ನು ಕಂಡದ್ದೇ ಗಲ್ಲಾ ಬಿಟ್ಟು ಓಡಿ ಬಂದ. "ಅಕ್ಕಾ, ನೀವ್ಯಾಕೆ ತೊಂದ್ರೆ ತಗೋತೀರ, ಏನ್ ಬೇಕು ಹೇಳಿ, ಇಲ್ಲಿಗೇ ತಂದ್ಕೊಡ್ತೀನಿ." ಔಷಧಿ ಅಂಗಡಿಯಲ್ಲೂ ಅದೇ ಮರ್ಯಾದೆ. ಹೋಟೆಲಿನವರಂತೂ ಇಡ್ಲಿ ತಟ್ಟೆಯನ್ನೇ ಗಾಡಿಗೆ ತಂದು ಹಿಡಿದರು. ಒಬ್ಬರೂ ಆಗಲ್ಲ ಅನ್ನಲಿಲ್ಲ. ಬೂತಿಗೆ ಮರಳಿದ ಮೇಲೆ, ನಮ್ಮೂರ ಅಂಗಡಿಯವರು ಪರವಾಗಿಲ್ಲ ಅಕ್ಕ, ಎಲ್ಲಾರೂ ಪಾಸು ಅಂದೆ.

ಅಕ್ಕ ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿದಳು. "ಭಿಕ್ಷೆಗೆ ಬಂದೋರಿಗೂ ಹಿಂಗೇ ಅಲ್ವೇನೆ, ಹೊರಗೆ ತಂದು ಕೊಡೋದು?" ಅಂದಳು.

ಆಮೇಲೆ ನಾವು ಪ್ರಶ್ನೆಯನ್ನೇ ಬದಲಾಯಿಸಿಕೊಂಡೆವು. ಸಾಮಾನು ಸಿಕ್ಕಿತೇ ಎಂದಲ್ಲ, ಒಳಗೆ ಹೋದೆವೇ ಎಂದು. ಆ ಲೆಕ್ಕದಲ್ಲಿ ನೋಡಿದರೆ, ಗಾಡಿ ಒಳಗೆ ಹೋಗುವ ಜಾಗವೆಂದರೆ ಇಡೀ ಬೀದಿಯಲ್ಲಿ ಒಂದು ಸೌದೆ ಡಿಪೋ, ಒಂದು ಸೈಕಲ್ ಶಾಪು, ಅಷ್ಟೇ. ಉಳಿದದ್ದಕ್ಕೆಲ್ಲ ಮುಂದೆ ಚರಂಡಿ, ಚರಂಡಿ ಮೇಲೆ ಕುಲುಕಾಡುವ ಚಪ್ಪಡಿ, ಅದರಾಚೆ ಮೆಟ್ಟಿಲು, ಮೆಟ್ಟಿಲ ಮೇಲೆ ಹೊಸ್ತಿಲು.

ಜವಳಿಗೆ ನಾವು ಆರಿಸಿಕೊಂಡದ್ದು ನಮ್ಮ ಜನ ತಲೆಮಾರಿನಿಂದ ಹೋಗುತ್ತಿದ್ದ ಶೆಟ್ಟರ ಅಂಗಡಿ. ಶೆಟ್ಟರು ಒಳ್ಳೆಯವರು. ನಾನು ಗಂಟು ಹೊರುತ್ತಿದ್ದ ಕಾಲದಲ್ಲೇ ನನಗೆ ಕುರ್ಚಿ ಕೊಟ್ಟು ಮಾತಾಡಿಸುತ್ತಿದ್ದವರು. ಅಂಗಡಿಗೆ ಎತ್ತರದ ಜಗಲಿ, ಮೆಟ್ಟಿಲುಗಳು, ಹಿತ್ತಾಳೆ ತಗಡು ಹೊಡೆದ ಮರದ ಹೊಸ್ತಿಲು. ಅವರ ತಾಯಿ ಪ್ರತಿ ದಿನ ಬಂದು ಆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ರಂಗೋಲಿ ಹಾಕಿದ ಮೇಲೆಯೇ ಮೊದಲ ವ್ಯಾಪಾರ.

ಮಾತಿಗೆ ಕೂತಾಗ ಶೆಟ್ಟರೂ ಅದೇ ರಾಗ ತೆಗೆದರು. "ನಾನೇ ಹೊರಗೆ ತಂದು ತೋರಿಸ್ತೀನಲ್ಲಮ್ಮ, ಮನೆಗೇ ಬೇಕಾದ್ರೂ ಕಳಿಸ್ತೀನಿ."

"ಮದುವೆ ಜವಳಿ ಬೀದೀಲಿ ತೆಗುದ್ರು ಅಂತ ಬೀಗರು ಆಡ್ಕೊಳ್ಳಲ್ವಾ ಶೆಟ್ಟರೇ? ಅಂಗಡಿ ಹೆಸರು ಹೇಳಿಯೇ ಆಡ್ಕೋತಾರೆ" ಅಂದೆ. ಅವರು ತಲೆ ಕೆರೆದುಕೊಂಡರು. ನಾನು ಬಿಡಲಿಲ್ಲ. "ಅಕ್ಕ ಒಬ್ಳ ಮಾತಲ್ಲ ಇದು. ನಿಮ್ಮ ಹಳೇ ಗಿರಾಕಿಗಳನ್ನ ನೋಡಿ, ಎಲ್ಲಾ ಮಂಡಿ ನೋವಿನೋರು. ಸೊಸೆಯಂದ್ರು ಮೆಟ್ಲು ಹತ್ತಿ ಬಂದು ಬರೀ ರವಿಕೆ ಕಣ ನೋಡ್ಕೊಂಡು ಹೋಗ್ತಾರೆ. ದುಡ್ಡಿರೋದು ಅತ್ತೆ ಸೆರಗಲ್ಲಿ. ಅತ್ತೆ ಮೆಟ್ಲ ಕೆಳಗೇ ನಿಂತಿರ್ತಾರೆ."

ಶೆಟ್ಟರು ನಕ್ಕುಬಿಟ್ಟರು. ನಗಿಸಿದ ಮೇಲೆ ಒಪ್ಪಿಸುವುದು ಕಷ್ಟವಲ್ಲ. ಅವರ ಹೊಸ ಮನೆಯ ಕೆಲಸದಲ್ಲಿ ಉಳಿದ ಸಿಮೆಂಟು, ಅದೇ ಗಾರೆಯವನು, ಚರಂಡಿಗೆ ಗಟ್ಟಿ ಚಪ್ಪಡಿ. ಬೀದಿಯಿಂದ ನಿಧಾನಕ್ಕೆ ಏರಿ ಹೊಸ್ತಿಲನ್ನು ದಾಟಿ ಒಳಗಿಳಿಯುವ ಇಳಿಜಾರು. ಕೆಲಸದವರು ಹತ್ತಲು ಪಕ್ಕದಲ್ಲಿ ಸಣ್ಣ ಮೆಟ್ಟಿಲು ಹಾಗೇ ಇರಲಿ ಎಂದಾಯಿತು.

ತಾಯಿ ಮಾತ್ರ ಒಪ್ಪಲಿಲ್ಲ. "ಹೊಸ್ತಿಲ ಮೇಲೆ ಸಿಮೆಂಟ್ ಸುರುದ್ರೆ ಲಕ್ಷ್ಮಿ ಎಲ್ಲೋ ಕೂತ್ಕೋತಾಳೆ?" ಎಂದು ಮಗನನ್ನು ಕೇಳಿದರು. ಎರಡು ದಿನ ಅಂಗಡಿಯಲ್ಲಿ ಆ ಮಾತೇ. ಕೊನೆಗೆ ಶೆಟ್ಟರೇ ದಾರಿ ಕಂಡುಕೊಂಡರು. "ಅಮ್ಮ, ಹೊಸ್ತಿಲು ಎಲ್ಲೂ ಹೋಗಲ್ಲ. ಇಡೀ ಇಳಿಜಾರೇ ಹೊಸ್ತಿಲು ಅಂದ್ಕೋ. ಲಕ್ಷ್ಮಿಗೆ ಇಷ್ಟು ದಿನ ಸಣ್ಣ ಮಣೆ ಇತ್ತು, ಈಗ ದೊಡ್ಡ ಮಣೆ ಹಾಕ್ದಂಗೆ" ಅಂದರು. ಮುದುಕಿಯ ಮುಖ ಅರಳಿತು. ಎಂಥ ಮಾತುಗಾರ ಎಂದು ನಾನೂ ಮೆಚ್ಚಿಕೊಂಡೆ. ಆ ಮಾತಿನ ಬೆಲೆ ಏನೆಂದು ನಮ್ಮ ಮೂವರಲ್ಲಿ ಯಾರಿಗೂ ಆಗ ತಿಳಿದಿರಲಿಲ್ಲ...

ಇಳಿಜಾರು ಚೆನ್ನಾಗಿ ಬಂತು. ಮೇಲೆ ರೆಡ್ ಆಕ್ಸೈಡು ತೀಡಿಸಿ ಕೆಂಪಗೆ ಹೊಳೆಯುವ ಹಾಗೆ ಮಾಡಿಸಿದ್ದರು. ಅಕ್ಕ ದಿನಾ ಬೂತಿಗೆ ಹೋಗುವಾಗ ಗಾಡಿ ನಿಲ್ಲಿಸಿ ನೋಡುವಳು. ಹತ್ತಿ ನೋಡಲು ಆಗುತ್ತಿರಲಿಲ್ಲ, ಸಿಮೆಂಟಿಗೆ ನೀರು ಕಟ್ಟಿ ಗೋಣಿಚೀಲ ಹೊದಿಸಿದ್ದರು. "ಸೊಂಟದ ಹತ್ರ ಸ್ವಲ್ಪ ಜೋರಾಗಿ ತುಳೀಬೇಕಾಗ್ತದೆ, ಆದ್ರೂ ಹತ್ತುತೀನಿ" ಎಂದು ಇಳಿಜಾರಿನ ನಡುಭಾಗ ತೋರಿಸಿ ಹೇಳುವಳು. ತುಳಿಯುವುದು ಅಂದರೆ ಅವಳಿಗೆ ಕೈಯಲ್ಲೇ.

ಗೋಣಿಚೀಲ ತೆಗೆಯುವ ದಿನವೂ ನಮ್ಮ ಜವಳಿಯ ದಿನವೂ ಒಂದೇ ಶುಕ್ರವಾರ ಬಂದವು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಧಾರೆ ಸೀರೆ ಕೈಗೆ ಬಂದಿರಬೇಕು ಎಂದು ಬೀಗರ ಕಡೆಯಿಂದ ಹೇಳಿ ಕಳಿಸಿದ್ದರು. ಅಕ್ಕ ಅಮ್ಮನ ಹಳೆಯ ರೇಷ್ಮೆ ಸೀರೆ ಉಟ್ಟು, ಗಾಡಿಯ ಹ್ಯಾಂಡಲ್ಲಿಗೂ ಹೂವು ಕಟ್ಟಿಕೊಂಡು ಬಂದಳು. ತಂಗಿ ಪಕ್ಕದಲ್ಲಿ ನಡೆದು ಬಂದಳು. ಮಾವ ಕೋಲು ಹಿಡಿದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ತಾನೇ ಹೆಣ್ಣಿನ ತಂದೆ ಅನ್ನುವ ಹಾಗೆ ಹಿಂದೆ ಬಂದರು.

ನಾವು ಹೋದಾಗ ಇಳಿಜಾರಿಗೆ ಪೂಜೆ ನಡೆಯುತ್ತಿತ್ತು. ಪೂರ್ತಿ ತೊಳೆದು, ಎರಡು ಅಂಚಿಗೂ ಅರಿಶಿನ ಬಳಿದು, ಮೇಲಿನಿಂದ ಕೆಳಗಿನವರೆಗೆ ಕುಂಕುಮದ ಬೊಟ್ಟು ಇಟ್ಟಿದ್ದರು. ನಡುವೆ ದೊಡ್ಡ ಪದ್ಮದ ರಂಗೋಲಿ, ಅದರ ಮೇಲೆ ಚೆಂಡು ಹೂವು. ಕಾಯಿ ಒಡೆದು ಮಂಗಳಾರತಿ ಆಯಿತು. ಅಂಗಡಿಯ ಕೆಲಸದವರು ಒಬ್ಬೊಬ್ಬರೇ ಬಗ್ಗಿ ಇಳಿಜಾರನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಪಕ್ಕದ ಸಣ್ಣ ಮೆಟ್ಟಿಲಿನಿಂದ ಒಳಗೆ ಹೋದರು. ಹಳೇ ಗಿರಾಕಿಯೊಬ್ಬರು, ಮಂಡಿ ನೋವಿನವರೇ, ಸೊಸೆಯ ಹೆಗಲು ಹಿಡಿದುಕೊಂಡು ಬಂದರು. ನಾನು ಶೆಟ್ಟರಿಗೆ ಯಾರಿಗಾಗಿ ಇಳಿಜಾರು ಮಾಡಿಸಿ ಅಂದಿದ್ದೆನೋ ಅಂಥವರು. ಅವರೂ ಇಳಿಜಾರಿಗೆ ಕೈ ಮುಗಿದು, ಅಮ್ಮಾ ಅಪ್ಪಾ ಎಂದು ನರಳುತ್ತ ಪಕ್ಕದ ಮೆಟ್ಟಿಲನ್ನೇ ಹತ್ತಿದರು.

ಇಡೀ ಇಳಿಜಾರೇ ಹೊಸ್ತಿಲು ಎಂದ ಶೆಟ್ಟರ ಮಾತು ನನಗೆ ಆಗ ನೆನಪಾಯಿತು.

ಮಾವನ ಕೋಲಿನ ತುದಿ ಇಳಿಜಾರಿನ ಅಂಚಿಗೆ ತಾಗಿತು. "ಅಯ್ಯಯ್ಯೋ, ಕೋಲು, ಕೋಲು!" ಎಂದು ಯಾರೋ ಕೂಗಿದರು.

"ಯಾಕ್ರಪ್ಪಾ, ದೇವ್ರಿಗೆ ಊದುಬತ್ತಿ ಮಾರೋನು ನಾನು, ನನ್ ಕೋಲಿಗೆ ಮೈಲಿಗೇನಾ?" ಎಂದರು ಮಾವ. ಒಂದಿಬ್ಬರು ನಕ್ಕರು. ಮಾವ ನಗಲಿಲ್ಲ, ಕೋಲನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡರು.

ಅಕ್ಕನ ಗಾಡಿಯ ಮುಂದಿನ ಚಕ್ರ ರಂಗೋಲಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಶೆಟ್ಟರ ತಾಯಿ ಕುಂಕುಮದ ಬಟ್ಟಲು ಹಿಡಿದುಕೊಂಡೇ ಕೆಳಗೆ ಬಂದರು. ಸಿಟ್ಟು ಇಲ್ಲ, ಗರ್ವ ಇಲ್ಲ. ಅಕ್ಕನ ಹಣೆಗೂ ಕುಂಕುಮ ಇಟ್ಟು, ಗಲ್ಲ ಮುಟ್ಟಿದರು. "ಬಾರಮ್ಮ ಬಾ. ಮದುವೆ ಮಾಡೋ ತಾಯಿ ನೀನು, ಲಕ್ಷ್ಮಿ ಇದ್ದಂಗೆ. ಗಾಡಿ ಅಲ್ಲೇ ಬಿಟ್ಟು ಬಾ. ಚಪ್ಲಿ ಹೊರಗೆ ಬಿಡ್ತೀವಲ್ಲ, ಹಂಗೆ. ಚಕ್ರ ಬೀದಿ ಕೊಳೇನೆಲ್ಲ ತುಳಿದಿರ್ತದೆ. ನಮ್ಮ ಹುಡುಗ್ರು ಹೂವಿನಂಗೆ ಎತ್ಕೊಂಡು ಬರ್ತಾರೆ."

ನಾನು ತಕ್ಷಣ ಚೌಕಾಸಿಗೆ ಇಳಿದೆ. ಚಕ್ರ ತೊಳೀತೀವಿ ಅಜ್ಜಿ, ಅರಿಶಿನದ ನೀರಲ್ಲೇ ತೊಳೀತೀವಿ, ಆಯುಧ ಪೂಜೇಲಿ ಗಾಡಿಗೂ ಪೂಜೆ ಮಾಡ್ತೀವಲ್ವಾ ಅಂದೆ. ಶೆಟ್ಟರೂ ಧ್ವನಿಗೂಡಿಸಿದರು. ತಾಯಿ ಇಳಿಜಾರಿನ ಕಡೆ ನೋಡಿದರು. "ಚಪ್ಲಿ ತೊಳ್ಕೊಂಡು ಬಂದ್ರೆ ಹೊಸ್ತಿಲು ತುಳಿಯಕ್ಕೆ ಬಿಡ್ತೀಯೇನಮ್ಮ ನಿಮ್ಮನೇಲಿ?" ಎಂದು ಬಹಳ ಮೆತ್ತಗೆ ಕೇಳಿದರು. ಎಷ್ಟೋ ಪಳಗಿದ ವ್ಯಾಪಾರಿಗಳನ್ನು ಬಗ್ಗಿಸಿದವಳು ನಾನು. ಅವತ್ತು ಚೌಕಾಸಿ ಅಲ್ಲಿಗೇ ಬಿಟ್ಟು ಅಕ್ಕನ ಕಡೆ ತಿರುಗಿದೆ.

ಅಕ್ಕ ರಂಗೋಲಿಯನ್ನೇ ನೋಡುತ್ತಿದ್ದಳು. ಅವಳೂ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು, ಜರುಗುತ್ತ ಜರುಗುತ್ತ ತನ್ನ ಮನೆಯ ಹೊಸ್ತಿಲಿಗೆ ರಂಗೋಲಿ ಹಾಕುವವಳೇ. ಅವಳ ಕೈ ಪೆಡಲಿನ ಮೇಲಿತ್ತು. ಒಂದು ಸಲ ಜೋರಾಗಿ ತಿರುಗಿಸಿದ್ದರೆ ಚಕ್ರ ಪದ್ಮದ ಮೇಲೆ ಹತ್ತುತ್ತಿತ್ತು. ಯಾರೂ ಅಡ್ಡ ನಿಲ್ಲುತ್ತಿರಲಿಲ್ಲ, ನನಗೆ ಗೊತ್ತು. ಆ ಕೈ ಬಿಗಿಯಾದದ್ದನ್ನೂ ನೋಡಿದೆ... ಆಮೇಲೆ ಸಡಿಲವಾದದ್ದನ್ನೂ ನೋಡಿದೆ.

ಒಳಗಿನಿಂದ ಯಾರೋ ಗಡಿಯಾರ ನೋಡಿ ಹತ್ತು ದಾಟಿತು ಎಂದರು.

"ಹೋಗೇ, ನೀನು ಒಳಗೆ ಹೋಗು. ರಾಹುಕಾಲ ಬಂದ್ಬಿಡ್ತದೆ" ಎಂದು ಅಕ್ಕ ತಂಗಿಯ ಬೆನ್ನು ತಟ್ಟಿದಳು.

"ನೀನು ಬರ್ದೇ ನಾನು ಹೋಗಲ್ಲಕ್ಕ."

"ಹಟ ಮಾಡ್ಬೇಡ. ಬೀಗರ ಮಾತು ಬರ್ತದೆ. ಹೋಗು."

ತಂಗಿ ಅಳುತ್ತಲೇ ಪಕ್ಕದ ಮೆಟ್ಟಿಲು ಹತ್ತಿದಳು. ನನ್ನನ್ನೂ ಅವಳ ಜೊತೆ ಅಟ್ಟಿದಳು ಅಕ್ಕ. ಬಿಳೀ ಹಾಸಿನ ಮೇಲೆ ನಾವು ಕೂತೆವು, ಹಿರಿಯಳು ಕೂರಬೇಕಾದ ಜಾಗ ಖಾಲಿ ಬಿಟ್ಟು. ರಾಶಿ ಬಿತ್ತು. ಹುಡುಗಿಗೆ ಯಾವುದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಕೈಗೆ ಸಿಕ್ಕ ಒಂದು ಕುಂಕುಮ ಬಣ್ಣದ ಸೀರೆಯನ್ನು ಎತ್ತಿ, ಇದೇ ಆಗಲಿ ಅಂದಳು. ಶೆಟ್ಟರು ತಾವೇ ಅದನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಹೋಗಿ, ಬಗ್ಗಿ ಅಕ್ಕನ ತೊಡೆಯ ಮೇಲೆ ಬಿಚ್ಚಿದರು. ಪಕ್ಕದಲ್ಲಿ ಒಂದು ಲಾರಿ ಹಾರನ್ನು ಹೊಡೆಯುತ್ತ ಹೋಯಿತು. ಅಕ್ಕ ಸೆರಗಿನ ಜರಿಯನ್ನು ಬೆರಳಲ್ಲಿ ಸವರಿದಳು, ಧೂಳು ಬೀಳದ ಹಾಗೆ ಮಡಿಕೆಯನ್ನು ಮುಚ್ಚಿದಳು. "ಚೆನ್ನಾಗಿದೆ ಶೆಟ್ಟರೇ. ಅವಳಿಗೆ ಒಪ್ತದೆ" ಅಂದಳು. ಅಷ್ಟೇ.

ಬೂತಿಗೆ ಮರಳುವಾಗ ದಾರಿಯುದ್ದಕ್ಕೂ ನಾನು ಅಜ್ಜಿಯನ್ನು ಬೈಯುತ್ತ ಬಂದೆ. ಅಕ್ಕ ತಡೆದಳು. "ಅವರನ್ನ ಯಾಕೆ ಬೈತೀಯ? ಅವರು ನನ್ನ ಬೇಡ ಅನ್ಲಿಲ್ಲ, ಗಾಡಿ ಬೇಡ ಅಂದ್ರು. ಗಾಡೀನ ಚಪ್ಲಿ ಅಂದ್ಕೊಂಡಿದಾರೆ ಅವರು. ನಂಗೆ ಅದು ಕಾಲು ಕಣೆ. ಕಾಲನ್ನ ಹೆಂಗೆ ಹೊರಗೆ ಬಿಟ್ಟು ಬರ್ಲಿ?"

ಮದುವೆ ಚೆನ್ನಾಗಿಯೇ ನಡೆಯಿತು. ಛತ್ರದಲ್ಲಿ ಎಲ್ಲರೂ ಸೀರೆ ನೋಡಿ, ಎಷ್ಟು ಚೆನ್ನಾಗಿ ಆರಿಸಿದ್ದೀರಿ ಎಂದು ಅಕ್ಕನಿಗೇ ಹೇಳಿದರು. ಅವಳು ಹೌದು ಹೌದು ಎಂದು ನಕ್ಕಳು.

ಶೆಟ್ಟರಿಗೆ ಮನಸ್ಸು ತಡೆಯಲಿಲ್ಲ. ಮದುವೆಯಾದ ಮೇಲೆ ಒಂದು ದಿನ ತಾವೇ ಬೂತಿಗೆ ಬಂದರು. "ಅಮ್ಮ ಬರೋದಕ್ಕೆ ಮುಂಚೆ, ಪೂಜೆಗೆ ಮುಂಚೆ, ಬೆಳಿಗ್ಗೆ ಬೇಗ ಬಂದ್ಬಿಡಿ. ನಾನೇ ಬಾಗ್ಲು ತೆಗೀತೀನಿ. ಗಾಡಿ ಸಮೇತ ಒಳಗೆ ಬನ್ನಿ" ಅಂದರು.

ಅಕ್ಕ ಅವರಿಗೆ ಕೂರಲು ಸ್ಟೂಲು ತೋರಿಸಿದಳು. "ಜವಳಿ ಆಗೋಯ್ತಲ್ಲ ಶೆಟ್ಟರೇ. ಇನ್ನೇನು ತಗೊಳ್ಳಕ್ಕೆ ಬರ್ಲಿ?" ಅಂದಳು. ಶೆಟ್ಟರು ಸ್ಟೂಲಿನಿಂದ ಎದ್ದು ಹೋದರು.

ಅಂಗಡಿ ನೋಡುವ ನಮ್ಮ ಕೆಲಸ ಅಲ್ಲಿಗೇ ನಿಂತಿತು. ಹೋಟೆಲಿಗೆ ದಾರಿ ಮಾಡಿಸುವುದು, ಬ್ಯಾಂಕು, ಸಿನಿಮಾ ಟಾಕೀಸು ನೋಡುವುದು ಎಲ್ಲ ಬಾಕಿ ಇತ್ತು. ಕರೆಂಟು ಹೋದಾಗಲೆಲ್ಲ ನಾನು ಬೂತಿಗೆ ಹೋಗಿ ಎಬ್ಬಿಸಲು ನೋಡಿದೆ. ಮಾವ ಕೂಡ, "ಏಳಮ್ಮ, ಇಡ್ಲಿನಾದ್ರೂ ಹೋಟ್ಲು ಒಳಗೆ ಕೂತು ತಿನ್ನೋಣ, ಚಟ್ನಿ ಎರಡ್ಸಲ ಹಾಕ್ತಾರೆ" ಎಂದು ಕರೆದರು. ಅಕ್ಕ ಇನ್ನೊಂದು ದಿನ ನೋಡೋಣ ಅನ್ನುತ್ತಿದ್ದಳು. ಆ ಇನ್ನೊಂದು ದಿನ ಬರಲಿಲ್ಲ...

ಆಮೇಲೆ ಜನರ ಜೇಬಿಗೆ ಮೊಬೈಲು ಬಂದವು. ಗಾಜಿನ ಗೂಡಿನಲ್ಲಿ ನಿಂತು ಕಿರುಚುವವರು ಕಡಿಮೆಯಾದರು. ಅಕ್ಕ ಕೆಲವು ಕಾಲ ರೀಚಾರ್ಜು ಮಾಡಿಕೊಡುತ್ತ ಕೂತಿದ್ದಳು. ಅಷ್ಟರಲ್ಲಿ ತಂಗಿಯ ಗಂಡ ಕುಂದಾಣದ ಹತ್ತಿರ ಜಮೀನು ನೋಡಿಕೊಂಡು ಅಲ್ಲಿ ಮನೆ ಮಾಡಿದ್ದ. ಅಕ್ಕ ಬೂತು ಮುಚ್ಚಿ ಅವರ ಜೊತೆ ಹೋದಳು. ನಾನು ಒಂದೆರಡು ಸಲ ಹೋಗಿ ಬಂದೆ. ಅಂಗಡಿ ಇಟ್ಟೆ, ಕೆಲಸ ಹೆಚ್ಚಾಯಿತು, ಹೋಗುವುದು ತಪ್ಪಿತು. ಅವಳು ತೀರಿಹೋದಳೆಂಬ ಸುದ್ದಿ ನನಗೆ ಬಂದದ್ದು ಬಸ್ಸಿನಲ್ಲಿ ಸಿಕ್ಕ ಯಾರದೋ ಬಾಯಿಂದ, ಕಾರ್ಯವೆಲ್ಲ ಮುಗಿದ ಮೇಲೆ. ಜ್ವರ ಬಂದಿತ್ತಂತೆ, ಆಸ್ಪತ್ರೆಗೆ ಹೋಗುವಾಗಲೂ ಎತ್ತಿಕೊಳ್ಳಲು ಬಿಡಲಿಲ್ಲವಂತೆ...

ಶೆಟ್ಟರ ಅಂಗಡಿ ಇದ್ದ ಜಾಗದಲ್ಲಿ ಈಗ ಗಾಜಿನ ಮುಂಭಾಗದ ದೊಡ್ಡ ಶೋರೂಮು ಇದೆ. ರಸ್ತೆ ಅಗಲ ಮಾಡಿದಾಗ ಕೆಂಪು ಇಳಿಜಾರನ್ನು ಜೆಸಿಬಿ ಕಿತ್ತುಹಾಕಿತು. ಹೊಸ್ತಿಲೂ ಇಲ್ಲ, ಪೂಜೆಯೂ ಇಲ್ಲ. ಮೆಟ್ಟಿಲು ಮಾತ್ರ ಮೊದಲಿಗಿಂತ ಎತ್ತರ. ಮೊನ್ನೆ ಅದರ ಮುಂದೆ ಹಾದು ಬರುವಾಗ, ಒಬ್ಬ ಹುಡುಗಿ ಕಾರಿನಲ್ಲೇ ಕೂತಿದ್ದಳು, ಪಕ್ಕದಲ್ಲಿ ಮಡಚಿಟ್ಟ ಗಾಲಿ ಕುರ್ಚಿ. ಅಂಗಡಿಯವನೊಬ್ಬ ಕಾರಿನ ಕಿಟಕಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ. ಬಹಳ ಮರ್ಯಾದೆಯಿಂದಲೇ ತೋರಿಸುತ್ತಿದ್ದ.

ಈಗ ನಿಮಗೊಂದು ಮಾತು. ನಿಮ್ಮ ಊರಲ್ಲೂ ಯಾರಾದರೂ ಇಂಥ ಕೆಲಸಕ್ಕೆ ಹೊರಟರೆ ಬರೀ ಶಹಬ್ಬಾಸ್ ಅಂದು ಸುಮ್ಮನಾಗಬೇಡಿ, ಜೊತೆಗೆ ಹೋಗಿ. ಅರ್ಜಿ ಹಿಡಿದು ಹೋಗಬೇಡಿ, ಕೊಳ್ಳುವವರಾಗಿ ಹೋಗಿ. ಅಂಗಡಿಯವರು ಒಳ್ಳೆಯವರೇ ಎಂದು ನೋಡಬೇಡಿ, ಒಳ್ಳೆಯವರೇ ಇರುತ್ತಾರೆ. ಬಂದವರು ತಮ್ಮಷ್ಟಕ್ಕೆ ತಾವೇ ಒಳಗೆ ಹೋದರೇ ಎಂದು ನೋಡಿ. ದಾರಿ ಮಾಡಿಸುವಾಗ ಗಾರೆಯವನ ಹತ್ತಿರ ಮಾತ್ರ ಮಾತಾಡಿ ಮುಗಿಸಬೇಡಿ, ಮನೆಯ ಹಿರಿಯರನ್ನೂ ಕೂರಿಸಿಕೊಂಡು, ಇದರ ಮೇಲೆ ದಿನಾ ಚಕ್ರ ಹತ್ತುತ್ತದೆ, ಕೋಲು ಊರುತ್ತದೆ, ಬೂಟು ತುಳಿಯುತ್ತದೆ ಎಂದು ಬಿಡಿಸಿ ಹೇಳಿ. ಹೊಸ್ತಿಲಿಗೆ ಬೇರೆ ಜಾಗ ಬಿಡಿ, ಗೋಡೆ ಪಕ್ಕ ಗೇಣಗಲ ಸಾಕು. ಹಾಗೆಯೇ, ಸಿಮೆಂಟು ಒಣಗಿದ ದಿನ ಬೆಳಿಗ್ಗೆ ನೀವು ಮಾಡಬೇಕಾದ ಮೊದಲ ಕೆಲಸ, ಯಾರಿಗಾಗಿ ಅದನ್ನು ಮಾಡಿಸಿದ್ದೀರೋ ಅವರನ್ನು ಕರೆಸುವುದು. ಮೊದಲು ಚಕ್ರ ಹತ್ತಲಿ. ಕುಂಕುಮ ಆಮೇಲೆ ಇಟ್ಟರೂ ಲಕ್ಷ್ಮಿ ಬೇಸರ ಮಾಡಿಕೊಳ್ಳುವುದಿಲ್ಲ.